ಪೆಸಿಫಿಕ್ ದಾಟಿದ ಬುದ್ಧ: ಕ್ಯಾಲಿಫೋರ್ನಿಯದ ಮಂದಿರದೊಳಗೆ ಬೆಂಚುಗಳು ಬಂದದ್ದು ಹೇಗೆ?

ಸ್ಯಾನ್ ಫ್ರಾನ್ಸಿಸ್ಕೊ ನಗರದ ಪೈನ್ ಬೀದಿಯಲ್ಲಿ ಜಪಾನಿ ಮೂಲದವರು ಕಟ್ಟಿಸಿದ ಬೌದ್ಧ ಮಂದಿರವೊಂದಿದೆ. ಅದರ ತಾರಸಿಯ ಮೇಲೆ ಒಂದು ಸ್ತೂಪವಿದ್ದು, 1935ರಲ್ಲಿ ಸಯಾಮಿನಿಂದ (ಇಂದಿನ ಥಾಯ್ಲೆಂಡ್) ಬಂದ, ಬುದ್ಧನದೆಂದು ನಂಬಲಾದ ದೇಹಾವಶೇಷಗಳನ್ನು ಅದರಲ್ಲಿ ಇರಿಸಲಾಗಿದೆ. ಒಳಗೆ ಚಿನ್ನದ ಲೇಪದ ಗರ್ಭಗೃಹವಿದೆ, ಧೂಪದ ಬಟ್ಟಲಿದೆ, ಅದಕ್ಕೆ ಎದುರಾಗಿ ಚರ್ಚುಗಳಲ್ಲಿ ಕಾಣುವಂಥ ಮರದ ಬೆಂಚುಗಳ ಸಾಲುಗಳಿವೆ. ಅಮೆರಿಕದ ಪಶ್ಚಿಮ ಕರಾವಳಿಯ ಇಂಥ ಹಲವು ಮಂದಿರಗಳಲ್ಲಿ ಆರ್ಗನ್ ನುಡಿಸಲಾಗುತ್ತದೆ, ಇಂಗ್ಲಿಷಿನಲ್ಲಿ ರಚಿತವಾದ ಬುದ್ಧಸ್ತುತಿಗಳನ್ನು ಎಲ್ಲರೂ ಒಟ್ಟಾಗಿ ಹಾಡುತ್ತಾರೆ, ಭಾನುವಾರ ಬೆಳಿಗ್ಗೆ ಮಕ್ಕಳಿಗೆ ಧರ್ಮದ ಪಾಠ ನಡೆಯುತ್ತದೆ. ಜಪಾನಿನ ಹಳ್ಳಿಯ ದೇವಾಲಯವನ್ನು ಮಾತ್ರ ಬಲ್ಲವರಿಗೆ ಇದು ವಿಚಿತ್ರವೆನಿಸಿದರೆ ಅಚ್ಚರಿಯಿಲ್ಲ.

ಇದಕ್ಕೆ ಬಹುಕಾಲ ಚಲಾವಣೆಯಲ್ಲಿದ್ದ ವಿವರಣೆ ಸರಳವಾದದ್ದು. ವಲಸೆ ಬಂದವರು ಬಹುಸಂಖ್ಯಾತರ ಚರ್ಚನ್ನು ಕಂಡು ಅದನ್ನೇ ಅನುಕರಿಸಿದರು, ಅಷ್ಟರಮಟ್ಟಿಗೆ ಅವರ ಧರ್ಮ 'ಅಮೆರಿಕೀಕರಣ'ಗೊಂಡಿತು ಎಂಬುದು ಆ ವಿವರಣೆ. ಇದು ಪೂರ್ತಿ ತಪ್ಪೇನೂ ಅಲ್ಲ. ಆದರೆ ಅಮೆರಿಕದ ಸಂಸ್ಕೃತಿ ಮತ್ತು ಧರ್ಮಗಳನ್ನು ಪೆಸಿಫಿಕ್ ಸಾಗರದ ಕಡೆಯಿಂದ ಅಧ್ಯಯನ ಮಾಡುತ್ತಿರುವ ಇತಿಹಾಸಕಾರರು ಈಚಿನ ದಶಕಗಳಲ್ಲಿ ಇದನ್ನು ಬಹುಮಟ್ಟಿಗೆ ಕೈಬಿಟ್ಟಿದ್ದಾರೆ. ಆ ಬೆಂಚುಗಳ ಹಿಂದೆ ಜಪಾನಿನೊಳಗೇ ಆರಂಭವಾಗಿದ್ದ ಸುಧಾರಣೆ, ಹವಾಯಿಯ ಕಬ್ಬಿನ ತೋಟಗಳ ದುಡಿಮೆಯ ವೇಳಾಪಟ್ಟಿ, ಅಮೆರಿಕದ ವಲಸೆ ಕಾನೂನು ಹಾಗೂ ಒಂದು ಯುದ್ಧ, ಇಷ್ಟೂ ಇವೆ ಎಂಬುದು ಅವರ ವಾದ. ಆ ವಾದವನ್ನು ಅರ್ಥಮಾಡಿಕೊಳ್ಳಲು ಅದು ಯಾವ ದಿಕ್ಕಿನಿಂದ ಆರಂಭವಾಗುತ್ತದೆಂಬುದನ್ನು ಮೊದಲು ಗಮನಿಸಬೇಕು.

ಅಮೆರಿಕದ ಧಾರ್ಮಿಕ ಇತಿಹಾಸವನ್ನು ಸಾಮಾನ್ಯವಾಗಿ ಅಟ್ಲಾಂಟಿಕ್ ತೀರದಿಂದ ಹೇಳುತ್ತಾ ಬರಲಾಗಿದೆ. ಇಂಗ್ಲೆಂಡಿನಿಂದ ಪ್ಯೂರಿಟನ್ನರೆಂಬ ಕಟ್ಟುನಿಟ್ಟಿನ ಪ್ರಾಟೆಸ್ಟಂಟ್ ಕ್ರೈಸ್ತರು ಬಂದರು, ಅಮೆರಿಕದ ಈಶಾನ್ಯದ ನ್ಯೂ ಇಂಗ್ಲೆಂಡಿನಲ್ಲಿ ನೆಲೆಸಿದರು, ಅಲ್ಲಿಂದ ಧರ್ಮ ಪಶ್ಚಿಮಕ್ಕೆ ಹರಡಿತು ಎಂಬುದು ಅದರ ಎಳೆ. ಏಷ್ಯಾದ ಧರ್ಮಗಳು ಈ ಕಥನದೊಳಗೆ ಬರುವುದು ಕೊನೆಯ ಅಧ್ಯಾಯದಲ್ಲಿ, ತಡವಾಗಿ ಬಂದ ಅತಿಥಿಗಳಾಗಿ. ಆದರೆ ಇದೇ ನ್ಯೂ ಇಂಗ್ಲೆಂಡಿನಲ್ಲಿ 1809ರ ವೇಳೆಗಾಗಲೇ ಒಬ್ಬ ಹವಾಯಿಯನ್ ತರುಣನಿದ್ದ. ಯುದ್ಧದಲ್ಲಿ ತಂದೆತಾಯಿಗಳನ್ನು ಕಳೆದುಕೊಂಡು, ವ್ಯಾಪಾರದ ಹಡಗೊಂದನ್ನು ಹತ್ತಿ ನ್ಯೂ ಹೇವನ್ ತಲುಪಿದ್ದ ಒಪುಕಹಾಇಯ ಎಂಬ ಅವನು ಕ್ರೈಸ್ತನಾದ, ತನ್ನ ಜನರಿಗೆ ಬೋಧಿಸಬೇಕೆಂದು ಬಯಸಿದ, ಆದರೆ 1818ರಲ್ಲಿ ಕನೆಕ್ಟಿಕಟ್‌ನ ಕಾರ್ನ್‌ವಾಲ್ ಊರಿನಲ್ಲಿ ಜ್ವರದಿಂದ ತೀರಿಕೊಂಡ. ಅವನ ಜೀವನಕಥೆಯನ್ನು ಓದಿ ಪ್ರೇರಿತರಾದವರು ಕೊಟ್ಟ ಹಣ ಮತ್ತು ಉತ್ಸಾಹದ ಬಲದಿಂದ ಅಮೆರಿಕದ ಮೊದಲ ಮಿಷನರಿ ತಂಡ 1820ರಲ್ಲಿ ಹವಾಯಿಗೆ ಬಂದಿಳಿಯಿತು. ಅಂದರೆ ಮಿಷನರಿಗಳು ಪೆಸಿಫಿಕ್ಕಿಗೆ ಹೋಗುವ ಮೊದಲೇ ಪೆಸಿಫಿಕ್ಕಿನವನೊಬ್ಬ ಅವರ ಮನೆಬಾಗಿಲಿಗೆ ಬಂದಿದ್ದ.

ಹವಾಯಿಯಲ್ಲಿ ಮುಂದೆ ಆದದ್ದು ಧರ್ಮದ ಕಥೆಯಷ್ಟೇ ಅಲ್ಲ. ಮಿಷನರಿ ಕುಟುಂಬಗಳ ಮಕ್ಕಳಲ್ಲಿ ಕೆಲವರು ಸಕ್ಕರೆ ಉದ್ಯಮಕ್ಕೆ ಇಳಿದರು. ದ್ವೀಪಗಳ ಆರ್ಥಿಕತೆಯನ್ನು ದಶಕಗಳ ಕಾಲ ಆಳಿದ 'ಅಲೆಕ್ಸಾಂಡರ್ ಆ್ಯಂಡ್ ಬಾಲ್ಡ್‌ವಿನ್' ಕಂಪನಿಯ ಸ್ಥಾಪಕರಿಬ್ಬರೂ ಮಿಷನರಿಗಳ ಪುತ್ರರೇ. 1893ರಲ್ಲಿ ರಾಣಿ ಲಿಲಿಉಒಕಲಾನಿಯನ್ನು ಪದಚ್ಯುತಗೊಳಿಸಲಾಯಿತು, 1898ರಲ್ಲಿ ದ್ವೀಪಗಳು ಅಮೆರಿಕಕ್ಕೆ ಸೇರಿದವು. ಅಷ್ಟು ಹೊತ್ತಿಗೆ ಕಬ್ಬಿನ ಗದ್ದೆಗಳಲ್ಲಿ ದುಡಿಯುತ್ತಿದ್ದವರಲ್ಲಿ ಜಪಾನಿಯರ ಸಂಖ್ಯೆ ಬೆಳೆದಿತ್ತು. 1885ರಲ್ಲಿ ಹವಾಯಿ ಮತ್ತು ಜಪಾನ್ ಸರ್ಕಾರಗಳ ಒಪ್ಪಂದದ ಮೇರೆಗೆ ಆರಂಭವಾದ ಕೂಲಿ ವಲಸೆ ಎಷ್ಟು ದೊಡ್ಡದಾಯಿತೆಂದರೆ 1920ರ ವೇಳೆಗೆ ಹವಾಯಿಯ ಜನಸಂಖ್ಯೆಯ ಐದರಲ್ಲಿ ಎರಡು ಪಾಲಿಗಿಂತ ಹೆಚ್ಚು ಜನ ಜಪಾನಿ ಮೂಲದವರಾಗಿದ್ದರು.

ಈ ಕೂಲಿಕಾರರಿಗೆ ಕ್ರೈಸ್ತ ಧರ್ಮವನ್ನು ತಲುಪಿಸಿದವರು ಯಾರು ಎಂದು ನೋಡಿದರೆ ಒಂದು ಸ್ವಾರಸ್ಯ ಕಾಣುತ್ತದೆ. 1877ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಜಪಾನಿ ವಿದ್ಯಾರ್ಥಿಗಳು ತಮ್ಮದೇ ಒಂದು ಕ್ರೈಸ್ತ ಸಂಘವನ್ನು ಕಟ್ಟಿಕೊಂಡಿದ್ದರು. ಅದೇ ವಲಯದ ಕನ್‌ಇಚಿ ಮಿಯಾಮಾ ಎಂಬ ಮೆಥಡಿಸ್ಟ್ ಬೋಧಕ 1887ರಲ್ಲಿ ಹೊನಲುಲುವಿಗೆ ಬಂದು, ಅಲ್ಲಿನ ಜಪಾನಿ ಕಾನ್ಸಲ್‌ನನ್ನೇ ಕ್ರೈಸ್ತನನ್ನಾಗಿಸಿದ. ಎರಡು ವರ್ಷಗಳ ನಂತರ, 1889ರಲ್ಲಿ, ಕಗಾಹಿ ಸೋರ್ಯು ಎಂಬ ಬೌದ್ಧ ಪುರೋಹಿತ ಜಪಾನಿನಿಂದ ಬಂದು ಹಿಲೊ ಊರಿನಲ್ಲಿ ಬೌದ್ಧ ಕೇಂದ್ರವೊಂದನ್ನು ಆರಂಭಿಸಿದ. ಬಿಳಿಯ ಮಿಷನರಿ ಒಂದು ಕಡೆ, ಏಷ್ಯಾದ ಸ್ಥಳೀಯ ಇನ್ನೊಂದು ಕಡೆ ಎಂಬ ಪರಿಚಿತ ಚಿತ್ರ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಕ್ರೈಸ್ತ ಬೋಧಕನೂ ಜಪಾನಿಯೇ, ಬೌದ್ಧ ಪುರೋಹಿತನೂ ಜಪಾನಿಯೇ. ಇಬ್ಬರೂ ಹಡಗಿನಲ್ಲಿ ಬಂದವರೇ.

ಹಾಗೆ ಬಂದ ಬೌದ್ಧ ಧರ್ಮ ಎಂಥದ್ದಾಗಿತ್ತು? ಬೆಂಚುಗಳ ಪ್ರಶ್ನೆಗೆ ಉತ್ತರದ ಬಹುಪಾಲು ಇಲ್ಲಿದೆ, ಆದ್ದರಿಂದ ಇದನ್ನು ತುಸು ನಿಧಾನವಾಗಿ ನೋಡಬೇಕು.

ವಲಸೆಗಾರರಲ್ಲಿ ಹೆಚ್ಚಿನವರು ಜೋದೊ ಶಿನ್ಶು ಪಂಥದವರು. ಹದಿಮೂರನೆಯ ಶತಮಾನದ ಶಿನ್ರನ್ ಆಚಾರ್ಯ ಸ್ಥಾಪಿಸಿದ ಈ ಪಂಥದಲ್ಲಿ ಪುರೋಹಿತರು ಮದುವೆಯಾಗುತ್ತಾರೆ, ಕಠಿಣ ಸಾಧನೆಗಿಂತ ಅಮಿತಾಭ ಬುದ್ಧನ ಕರುಣೆಯ ಮೇಲಿನ ಶ್ರದ್ಧೆಗೆ ಪ್ರಾಧಾನ್ಯವಿದೆ, ನಾಮಸ್ಮರಣೆಯೇ ಮುಖ್ಯ ಆಚರಣೆ. ಹದಿನಾರನೆಯ ಶತಮಾನದಲ್ಲಿ ಜಪಾನಿಗೆ ಬಂದಿದ್ದ ಜೆಸ್ಯುಯಿಟ್ ಎಂಬ ಕ್ಯಾಥೊಲಿಕ್ ಸಂಘದ ಪಾದ್ರಿಗಳು ಇದನ್ನು ಕಂಡು, ತಮ್ಮ ಕಡುವೈರಿಯಾದ, ಪ್ರಾಟೆಸ್ಟಂಟ್ ಪಂಥದ ಮೂಲಪುರುಷ ಲೂಥರನ ಬೋಧೆಯೇ ಇಲ್ಲಿಗೂ ಬಂದುಬಿಟ್ಟಿದೆಯಲ್ಲಾ ಎಂದು ಸಿಡಿಮಿಡಿಗೊಂಡು ಬರೆದಿದ್ದರು. ಪ್ರಾಟೆಸ್ಟಂಟ್ ಧರ್ಮದೊಂದಿಗಿನ ಹೋಲಿಕೆ, ಅದು ನಿಜವೋ ತೋರಿಕೆಯದೋ, ಅಮೆರಿಕಕ್ಕೆ ಹೋದ ಮೇಲೆ ಹುಟ್ಟಿದ್ದಲ್ಲ ಎಂಬುದಕ್ಕೆ ಇದಿಷ್ಟು ಸಾಕು.

ಅದಕ್ಕಿಂತ ಮುಖ್ಯವಾದದ್ದು 1868ರ ನಂತರದ ಜಪಾನಿನ ಸ್ಥಿತಿ. ಚಕ್ರವರ್ತಿಯ ಹೆಸರಿನಲ್ಲಿ ಆಗ ಅಧಿಕಾರಕ್ಕೆ ಬಂದ ಮೇಯ್ಜಿ ಸರ್ಕಾರ ಜಪಾನಿನ ದೇಶೀ ಧರ್ಮವಾದ ಶಿಂತೊ ಮತ್ತು ಬೌದ್ಧ ಧರ್ಮಗಳನ್ನು ಬೇರ್ಪಡಿಸುವ ಆಜ್ಞೆ ಹೊರಡಿಸಿದಾಗ ಹಲವೆಡೆ ಬೌದ್ಧ ದೇವಾಲಯಗಳನ್ನು ಕೆಡವಲಾಯಿತು, ಮೂರ್ತಿಗಳನ್ನು ಸುಡಲಾಯಿತು, ಪುರೋಹಿತರನ್ನು ದುಂದುಗಾರರೆಂದೂ ಪರದೇಶದ ಧರ್ಮದವರೆಂದೂ ಹೀಯಾಳಿಸಲಾಯಿತು. 1873ರಲ್ಲಿ ಕ್ರೈಸ್ತ ಧರ್ಮದ ಮೇಲಿನ ನಿಷೇಧದ ಫಲಕಗಳೂ ಇಳಿದವು. ಒಂದು ಕಡೆ ಸರ್ಕಾರದ ಉಪೇಕ್ಷೆ, ಇನ್ನೊಂದು ಕಡೆ ಶಾಲೆ, ಆಸ್ಪತ್ರೆ, ಯುವಕ ಸಂಘಗಳೊಂದಿಗೆ ಬಂದ ಮಿಷನರಿಗಳು. ಇವೆರಡರ ನಡುವೆ ಬೌದ್ಧರು ತಮ್ಮನ್ನು ತಾವು ಮರುರೂಪಿಸಿಕೊಳ್ಳಬೇಕಾಯಿತು. ಶಿಮಾಜಿ ಮೊಕುರಾಇ ಎಂಬ ಶಿನ್ಶು ಪುರೋಹಿತ 1872ರಲ್ಲಿ ಯುರೋಪಿಗೆ ಹೋಗಿ ಅಲ್ಲಿ ರಾಜ್ಯಕ್ಕೂ ಧರ್ಮಕ್ಕೂ ಇರುವ ಸಂಬಂಧವನ್ನು ಅಭ್ಯಾಸಮಾಡಿ, ಸರ್ಕಾರ ಜನರ ನಂಬಿಕೆಯಲ್ಲಿ ಕೈಹಾಕಬಾರದೆಂದು ವಾದಿಸಿದ. ಶಿನ್ಶು ಪಂಥದ ಕ್ಯೋತೊದ ನಿಶಿ ಹೊಂಗ್ವಾಂಜಿ ಪೀಠ ತನ್ನ ವಿದ್ಯಾಸಂಸ್ಥೆಗಳನ್ನು ಆಧುನಿಕಗೊಳಿಸಿತು. ಬೌದ್ಧ ತರುಣರ ಸಂಘಗಳು, ಮಹಿಳಾ ಸಂಘಗಳು, ಪತ್ರಿಕೆಗಳು, ಸಾರ್ವಜನಿಕ ಉಪನ್ಯಾಸಗಳು ಜಪಾನಿನಲ್ಲೇ ಹುಟ್ಟಿಕೊಂಡವು. ಹೀಗಿರುವಾಗ ಅಮೆರಿಕಕ್ಕೆ ಹೋದದ್ದು ಹಳ್ಳಿಯ ಹಳೆಯ ಬೌದ್ಧ ಧರ್ಮವಲ್ಲ. ಮಿಷನರಿಗಳೊಂದಿಗೆ ಒಂದು ಸುತ್ತು ವಾದ, ಸ್ಪರ್ಧೆ, ಕಲಿಕೆ ಎಲ್ಲವನ್ನೂ ಮುಗಿಸಿದ್ದ ಬೌದ್ಧ ಧರ್ಮ.

1893ರ ಚಿಕಾಗೊ ಸರ್ವಧರ್ಮ ಸಮ್ಮೇಳನವನ್ನು ಈ ಹಿನ್ನೆಲೆಯಲ್ಲಿಟ್ಟು ನೋಡಿದರೆ ಅದರ ಬಣ್ಣವೇ ಬೇರೆಯಾಗುತ್ತದೆ. ಕನ್ನಡಿಗರಿಗೆ ಆ ಸಮ್ಮೇಳನವೆಂದರೆ ಸ್ವಾಮಿ ವಿವೇಕಾನಂದರು. ಅದಕ್ಕೆ ಹಿಂದಿನ ವರ್ಷ ಅವರು ಬೆಳಗಾವಿ, ಬೆಂಗಳೂರು, ಮೈಸೂರುಗಳಿಗೆ ಬಂದದ್ದು, ಚಾಮರಾಜೇಂದ್ರ ಒಡೆಯರು ಅವರನ್ನು ಆದರಿಸಿದ್ದು, 1894ರಲ್ಲಿ ಅವರು ಚಿಕಾಗೊದಿಂದ ಮಹಾರಾಜರಿಗೆ ಪತ್ರ ಬರೆದದ್ದು ನಮ್ಮಲ್ಲಿ ಚೆನ್ನಾಗಿ ತಿಳಿದ ಸಂಗತಿಗಳು. ಅವರು ಹೋದ ದಾರಿಯನ್ನು ಮಾತ್ರ ನಾವು ಅಷ್ಟಾಗಿ ನೆನೆಯುವುದಿಲ್ಲ. 1893ರ ಮೇ 31ರಂದು ಮುಂಬಯಿ ಬಿಟ್ಟ ಸ್ವಾಮೀಜಿ ಯುರೋಪಿನ ಕಡೆಗೆ ಹೋಗದೆ ಕೊಲಂಬೊ, ಸಿಂಗಾಪುರ, ಹಾಂಗ್‌ಕಾಂಗ್‌ಗಳ ಮೂಲಕ ಜಪಾನಿಗೆ ಬಂದು, ಯೊಕೊಹಾಮಾದಲ್ಲಿ ಹಡಗು ಹತ್ತಿ, ಪೆಸಿಫಿಕ್ ದಾಟಿ ಕೆನಡಾದ ವ್ಯಾಂಕೂವರ್‌ನಲ್ಲಿ ಇಳಿದರು. ಜಪಾನಿನ ಬೌದ್ಧ ಪ್ರತಿನಿಧಿಗಳು ದಾಟಿದ್ದೂ ಅದೇ ಸಾಗರವನ್ನು.

ಆ ಪ್ರತಿನಿಧಿಗಳ ತಂಡದೊಂದಿಗಿದ್ದ ಹಿರಾಇ ಕಿಂಜೊ ವೇದಿಕೆಯ ಮೇಲೆ ಆಡಿದ್ದು ಸೌಹಾರ್ದದ ಮಾತುಗಳನ್ನಷ್ಟೇ ಅಲ್ಲ. ಪಾಶ್ಚಾತ್ಯ ರಾಷ್ಟ್ರಗಳು ಜಪಾನಿನ ಮೇಲೆ ಹೇರಿದ್ದ ಅಸಮಾನ ಒಪ್ಪಂದಗಳನ್ನೂ ಕ್ಯಾಲಿಫೋರ್ನಿಯದಲ್ಲಿ ಜಪಾನಿಯರಿಗೆ ಆಗುತ್ತಿದ್ದ ಅವಮಾನಗಳನ್ನೂ ಅವನು ಎತ್ತಿ ಆಡಿ, ಇದೇ ಕ್ರೈಸ್ತ ನೀತಿಯೇ ಎಂದು ಕೇಳಿದ. ತಂಡದಲ್ಲಿದ್ದ ಶಾಕು ಸೋಯೆನ್ ಎಂಬ, ಧ್ಯಾನಕ್ಕೆ ಪ್ರಾಧಾನ್ಯ ಕೊಡುವ ಜೆನ್ ಬೌದ್ಧ ಪಂಥದ ಗುರು ಸಿಂಹಳದಲ್ಲಿ ಕೆಲವು ವರ್ಷ ಅಭ್ಯಾಸ ಮಾಡಿ ಬಂದಿದ್ದವನು. ಅವನ ಶಿಷ್ಯ ಡಿ. ಟಿ. ಸುಜುಕಿ 1897ರಲ್ಲಿ ಇಲಿನಾಯ್ ರಾಜ್ಯದ ಲಸಾಲ್ ಎಂಬ ಸಣ್ಣ ಊರಿಗೆ ಹೋಗಿ ಪ್ರಕಾಶನ ಸಂಸ್ಥೆಯೊಂದರಲ್ಲಿ ಹತ್ತು ವರ್ಷಕ್ಕೂ ಮೇಲ್ಪಟ್ಟು ಕೆಲಸ ಮಾಡಿದ. ಮುಂದೆ ಅಮೆರಿಕದ ಓದುಗರು 'ಜೆನ್' ಎಂದು ಕಲಿತುಕೊಂಡದ್ದರ ಬಹುಭಾಗ ಅವನಿಂದಲೇ ಬಂತು. ಸಿಂಹಳದ ಬೌದ್ಧ ಪ್ರಚಾರಕ ಅನಗಾರಿಕ ಧರ್ಮಪಾಲರು ಸಮ್ಮೇಳನ ಮುಗಿಸಿ ಊರಿಗೆ ಮರಳಿದ್ದು ಪಶ್ಚಿಮ ದಿಕ್ಕಿಗೆ, ಹೊನಲುಲು ಮಾರ್ಗವಾಗಿ. ಅಲ್ಲಿ ಅವರನ್ನು ಭೇಟಿಯಾದ ಮೇರಿ ಫಾಸ್ಟರ್ ಎಂಬ ಹವಾಯಿಯನ್ ಮೂಲದ ಶ್ರೀಮಂತ ಮಹಿಳೆ ಮುಂದಿನ ದಶಕಗಳಲ್ಲಿ ಅವರ ಮಹಾಬೋಧಿ ಸಂಸ್ಥೆಯ ಅತಿ ದೊಡ್ಡ ದಾನಿಯಾದಳು. ಕಲ್ಕತ್ತದಲ್ಲೂ ಸಾರನಾಥದಲ್ಲೂ ಧರ್ಮಪಾಲರು ನಡೆಸಿದ ಕೆಲಸಕ್ಕೆ ಹರಿದ ಹಣದಲ್ಲಿ ಹೊನಲುಲುವಿನ ಪಾಲೂ ಇದೆ. ಭಾರತದಲ್ಲಿ ಬೌದ್ಧ ಧರ್ಮದ ಮರುಹುಟ್ಟಿನ ಕಥೆಯಲ್ಲಿ ಈ ಪೆಸಿಫಿಕ್ ದ್ವೀಪಕ್ಕೆ ಒಂದು ಸಾಲಿನ ಜಾಗವನ್ನಾದರೂ ಕೊಡಬೇಕಾದದ್ದು ನ್ಯಾಯ.

ಚಿಕಾಗೊದ ವೇದಿಕೆಗಿಂತ ಬಹಳ ಭಿನ್ನವಾದ ಲೋಕ ಕೂಲಿಕಾರರದು. ನಿಶಿ ಹೊಂಗ್ವಾಂಜಿಯ ಇಬ್ಬರು ಪುರೋಹಿತರು, ಸೊನೊದಾ ಶುಯೆ ಮತ್ತು ನಿಶಿಜಿಮಾ ಕಕುರ್ಯೊ, 1899ರ ಸೆಪ್ಟೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊಗೆ ಬಂದಾಗ ಅವರ ಮುಂದಿದ್ದ ತುರ್ತು ಕೆಲಸ ತತ್ತ್ವಬೋಧೆಯಲ್ಲ, ಶವಸಂಸ್ಕಾರ. ಹಣ್ಣಿನ ತೋಟಗಳಲ್ಲಿ, ರೈಲು ಹಳಿಗಳ ಕೆಲಸದಲ್ಲಿ ಒಂಟಿ ಗಂಡಸರು ಸಾಯುತ್ತಿದ್ದರು. ಮಂತ್ರ ಹೇಳಿ, ಧರ್ಮನಾಮ ಕೊಟ್ಟು, ಊರಿಗೆ ಸುದ್ದಿ ಮುಟ್ಟಿಸುವವರು ಬೇಕಾಗಿದ್ದರು. ಸ್ಯಾಕ್ರಮೆಂಟೊ, ಫ್ರೆಸ್ನೊ, ಸಿಯಾಟಲ್, ಸ್ಯಾನ್ ಹೊಸೆಗಳಲ್ಲಿ ಕೆಲವೇ ವರ್ಷಗಳಲ್ಲಿ ಕೇಂದ್ರಗಳು ಹುಟ್ಟಿಕೊಂಡದ್ದು ಈ ಅಗತ್ಯದಿಂದ. ಪ್ರತಿ ಮಂದಿರದಲ್ಲೂ 'ಕಾಕೊಚೊ' ಎಂಬ ಮರಣದ ದಾಖಲೆ ಪುಸ್ತಕವಿರುತ್ತದೆ. ತೀರಿಹೋದವರ ಹೆಸರು, ಧರ್ಮನಾಮ, ತೀರಿದ ದಿನಗಳನ್ನು ಪುರೋಹಿತ ಕುಂಚದಿಂದ ಅದರಲ್ಲಿ ಬರೆದಿಡುತ್ತಾನೆ. ಅಮೆರಿಕದ ಪತ್ರಿಕೆಗಳಲ್ಲಿ ಒಂದು ಸಾಲಿನ ಸುದ್ದಿಯೂ ಆಗದ ಎಷ್ಟೋ ಕೂಲಿಕಾರರನ್ನು ಇತಿಹಾಸಕಾರರು ಕಂಡುಕೊಳ್ಳುವುದು ಇಂಥ ಪುಸ್ತಕಗಳಿಂದ.

ಭಾನುವಾರದ ಪೂಜೆಯೂ ಹೀಗೆಯೇ ಬಂದದ್ದು. ಜಪಾನಿನಲ್ಲಿ ಜನ ದೇವಾಲಯಕ್ಕೆ ಹೋಗುತ್ತಿದ್ದದ್ದು ತಿಥಿ, ಶ್ರಾದ್ಧ, ವಿಷುವತ್ ಸಂಕ್ರಮಣ, ಪಿತೃಗಳನ್ನು ನೆನೆಯುವ ಓಬೊನ್ ಹಬ್ಬಗಳ ಲೆಕ್ಕದಲ್ಲಿ. ವಾರಕ್ಕೊಮ್ಮೆ ಸೇರುವ ರೂಢಿ ಅಲ್ಲಿರಲಿಲ್ಲ. ಹವಾಯಿಯ ತೋಟಗಳಲ್ಲೂ ಕ್ಯಾಲಿಫೋರ್ನಿಯದ ಊರುಗಳಲ್ಲೂ ಬಿಡುವು ಸಿಗುತ್ತಿದ್ದದ್ದು ಭಾನುವಾರ ಮಾತ್ರ. ಆದ್ದರಿಂದ ಭಾನುವಾರವೇ ಪೂಜೆಯ ದಿನವಾಯಿತು. ಇದರಲ್ಲಿ ಚರ್ಚಿನ ಪ್ರಭಾವವನ್ನು ಹುಡುಕುವ ಮೊದಲು ಕೆಲಸದ ವೇಳಾಪಟ್ಟಿಯನ್ನು ನೋಡಬೇಕು. ಇಂದು ಸ್ಯಾನ್ ಹೊಸೆ ಸುತ್ತಮುತ್ತ ನೆಲೆಸಿರುವ ಕನ್ನಡಿಗರು ಯುಗಾದಿಯನ್ನು ಮುಂದಿನ ಶನಿವಾರಕ್ಕೆ ತಳ್ಳುವುದಕ್ಕೂ ಮಕ್ಕಳ ಕನ್ನಡ ಪಾಠವನ್ನು ವಾರಾಂತ್ಯಕ್ಕೆ ಇಟ್ಟುಕೊಳ್ಳುವುದಕ್ಕೂ ಇದೇ ಕಾರಣ. ಅದನ್ನು ಯಾರೂ ಕ್ರೈಸ್ತೀಕರಣವೆಂದು ಕರೆಯುವುದಿಲ್ಲ.

ಮಕ್ಕಳ ಪಾಠಶಾಲೆಗೆ ಬೇರೊಂದು ಮೂಲವಿದೆ. 1907–08ರಲ್ಲಿ ಅಮೆರಿಕ ಮತ್ತು ಜಪಾನ್ ಸರ್ಕಾರಗಳ ನಡುವೆ ಆದ ತಿಳಿವಳಿಕೆಯಿಂದ ಹೊಸ ಕೂಲಿಕಾರರು ಬರುವುದು ನಿಂತಿತು, ಆದರೆ ಈಗಾಗಲೇ ಇದ್ದವರ ಹೆಂಡತಿಯರು ಬರಲು ಅವಕಾಶ ಉಳಿಯಿತು. ಭಾವಚಿತ್ರಗಳನ್ನು ವಿನಿಮಯ ಮಾಡಿಕೊಂಡು, ಊರಿನಲ್ಲೇ ಮದುವೆಯ ನೋಂದಣಿ ಮುಗಿಸಿ, ಗಂಡನ ಮುಖವನ್ನು ಬಂದರಿನಲ್ಲಿ ಮೊದಲ ಬಾರಿ ಕಾಣುತ್ತಿದ್ದ ವಧುಗಳು ಸಾವಿರಾರು ಸಂಖ್ಯೆಯಲ್ಲಿ ಬಂದರು. ಒಂಟಿ ಗಂಡಸರ ಸಮಾಜ ಸಂಸಾರಗಳ ಸಮಾಜವಾಯಿತು. ಹುಟ್ಟಿದ ಮಕ್ಕಳು ಅಮೆರಿಕದ ಪ್ರಜೆಗಳಾಗಿ, ಇಂಗ್ಲಿಷ್ ಆಡುತ್ತಾ ಬೆಳೆದರು. ಈ ಮಕ್ಕಳಿಗೆ ಸೂತ್ರಗಳ ಜಪಾನಿ ಉಚ್ಚಾರಣೆ ಅರ್ಥವಾಗುತ್ತಿರಲಿಲ್ಲ. ಹವಾಯಿಯ ಹೊಂಗ್ವಾಂಜಿ ಸಂಸ್ಥೆಯನ್ನು 1900ರಿಂದ 1932ರಲ್ಲಿ ತೀರಿಕೊಳ್ಳುವವರೆಗೆ ಮುನ್ನಡೆಸಿದ ಇಮಾಮುರಾ ಯೆಮ್ಯೊ ಇದನ್ನು ಚೆನ್ನಾಗಿ ಅರಿತಿದ್ದ. ಅವನ ಪ್ರೋತ್ಸಾಹದಿಂದ ಅರ್ನೆಸ್ಟ್ ಮತ್ತು ಡೊರೊಥಿ ಹಂಟ್ ಎಂಬ ಇಂಗ್ಲಿಷ್ ದಂಪತಿ 1924ರಲ್ಲಿ ಬೌದ್ಧ ದೀಕ್ಷೆ ಪಡೆದು, ಇಂಗ್ಲಿಷಿನ ಪೂಜಾವಿಧಿಗಳನ್ನೂ ಮಕ್ಕಳು ಹಾಡುವ ಸ್ತುತಿಗಳನ್ನೂ ರಚಿಸಿದರು. ಅವುಗಳಲ್ಲಿ ಕೆಲವು ಇಂದಿಗೂ ಬಳಕೆಯಲ್ಲಿವೆ. ಕ್ರೈಸ್ತ ಸ್ತುತಿಗೀತೆಯ ಧಾಟಿಯನ್ನು ಇಲ್ಲಿ ಎರವಲು ಪಡೆದದ್ದು ನಿಜ, ಆದರೆ ಅದನ್ನು ತಂದವರು ಬಿಳಿಯ ಬೌದ್ಧರು, ತರಲು ಕರೆದವನು ಜಪಾನಿ ಪುರೋಹಿತ.

ಅದೇ ಇಮಾಮುರಾ 1918ರಲ್ಲಿ ಹೊನಲುಲುವಿನಲ್ಲಿ ಕಟ್ಟಿಸಿದ ಮುಖ್ಯ ಮಂದಿರ ಇನ್ನೂ ಕುತೂಹಲಕರ. ಅದು ಜಪಾನಿನ ಹೆಂಚಿನ ಮಾಡಿನ ದೇವಾಲಯದಂತಿಲ್ಲ, ಅಮೆರಿಕದ ಚರ್ಚಿನಂತೆಯೂ ಇಲ್ಲ. ಗುಮ್ಮಟಗಳು, ಭಾರತೀಯ ಛಾಯೆಯ ವಿನ್ಯಾಸ, ಒಳಗೆ ಬೆಂಚುಗಳು. ಬೌದ್ಧ ಧರ್ಮ ಒಂದು ದ್ವೀಪದ ಜನಾಂಗದ ಧರ್ಮವಲ್ಲ, ಭಾರತದಲ್ಲಿ ಹುಟ್ಟಿ ಜಗತ್ತಿಗೆ ಹರಡಿದ ಧರ್ಮ ಎಂದು ಕಟ್ಟಡದಿಂದಲೇ ಸಾರುವ ಉದ್ದೇಶ ಅದರಲ್ಲಿ ಕಾಣುತ್ತದೆ. ಟೋಕಿಯೊದ ತ್ಸುಕಿಜಿಯಲ್ಲಿ ಇದೇ ಪಂಥದ ದೊಡ್ಡ ಮಂದಿರವನ್ನು ವಾಸ್ತುಶಿಲ್ಪಿ ಇತೊ ಚೂತಾ ಭಾರತದ ಚೈತ್ಯಗಳ ಕಮಾನನ್ನು ನೆನಪಿಸುವ ಮುಂಭಾಗದೊಂದಿಗೆ ಕಟ್ಟಿದ್ದು 1934ರಲ್ಲಿ, ಅಂದರೆ ಹದಿನಾರು ವರ್ಷ ತಡವಾಗಿ. ಹವಾಯಿಯ ಕೂಲಿಕಾರರ ಮಂದಿರ ರಾಜಧಾನಿಗಿಂತ ಮುಂದಿತ್ತು ಎಂಬುದು ಕೇಂದ್ರದಿಂದ ಅಂಚಿಗೆ ಎಲ್ಲವೂ ಹರಿಯುತ್ತದೆಂಬ ಎಣಿಕೆಯನ್ನು ತಲೆಕೆಳಗು ಮಾಡುತ್ತದೆ.

ಈ ಎಲ್ಲ ಬದಲಾವಣೆಗಳು ಸ್ವಇಚ್ಛೆಯ ಪ್ರಯೋಗಗಳಾಗಿಯೇ ಉಳಿಯಲಿಲ್ಲ, ಏಕೆಂದರೆ ಹೊರಗಿನ ಒತ್ತಡ ಹೆಚ್ಚುತ್ತಿತ್ತು. ಕ್ಯಾಲಿಫೋರ್ನಿಯ 1913ರಲ್ಲಿ ಪೌರತ್ವಕ್ಕೆ ಅರ್ಹರಲ್ಲದ ವಿದೇಶಿಯರು ಜಮೀನು ಕೊಳ್ಳದಂತೆ ಕಾನೂನು ಮಾಡಿತು. ಹವಾಯಿಯಲ್ಲಿ ಮೊದಮೊದಲು ತೋಟದ ಮಾಲೀಕರು ಕೆಲಸಗಾರರು ನೆಲೆನಿಲ್ಲಲಿ ಎಂದು ಬೌದ್ಧ ಮಂದಿರಗಳಿಗೆ ಜಾಗ ಕೊಟ್ಟಿದ್ದರು. 1920ರ ದೊಡ್ಡ ಮುಷ್ಕರದಲ್ಲಿ ಬೌದ್ಧ ಪುರೋಹಿತರು ಕಾರ್ಮಿಕರ ಪರವಾಗಿ ನಿಂತ ಮೇಲೆ ಅವರ ಕಣ್ಣಿಗೆ ಅದೇ ಮಂದಿರಗಳು ಅಪಾಯದ ತಾಣಗಳಾದವು. ಕ್ರೈಸ್ತನಾದರೆ ಬಾಗಿಲು ತೆರೆಯುತ್ತದೆಯೇ ಎಂಬ ಪ್ರಶ್ನೆಗೆ ಸುಪ್ರೀಂ ಕೋರ್ಟ್ 1922ರಲ್ಲಿ ಉತ್ತರ ಕೊಟ್ಟಂತಾಯಿತು. ಕ್ಯಾಲಿಫೋರ್ನಿಯದಲ್ಲಿ ಓದಿದ್ದ, ಮನೆಯಲ್ಲಿ ಇಂಗ್ಲಿಷ್ ಆಡುತ್ತಿದ್ದ, ಮಕ್ಕಳನ್ನು ಚರ್ಚಿಗೆ ಕಳಿಸುತ್ತಿದ್ದ ತಕಾವೊ ಒಜಾವಾನ ಪೌರತ್ವದ ಅರ್ಜಿಯನ್ನು ಅವನು ಬಿಳಿಯನಲ್ಲವೆಂಬ ಕಾರಣಕ್ಕೆ ಅದು ತಳ್ಳಿಹಾಕಿತು. ಮರುವರ್ಷ ಭಗತ್ ಸಿಂಗ್ ಥಿಂಡ್ ಪ್ರಕರಣದಲ್ಲಿ ಭಾರತೀಯರಿಗೂ ಅದೇ ತೀರ್ಪು ಬಂತು. ಒಜಾವಾನ ವಿಷಯದಲ್ಲಿ ಜನಾಂಗಶಾಸ್ತ್ರವನ್ನು ಆಧರಿಸಿದ್ದ ನ್ಯಾಯಾಲಯ, ಅದೇ ಶಾಸ್ತ್ರ ಥಿಂಡನ ಪರವಾಗಿ ವಾಲಿದಾಗ, ಸಾಮಾನ್ಯ ಮನುಷ್ಯನ ತಿಳಿವಳಿಕೆಯಲ್ಲಿ ಹಿಂದೂಗಳು ಬಿಳಿಯರಲ್ಲವೆಂದು ಹೇಳಿ ಶಾಸ್ತ್ರವನ್ನೇ ಬದಿಗೆ ಸರಿಸಿತು. 1924ರ ವಲಸೆ ಕಾಯ್ದೆ ಜಪಾನಿನಿಂದ ಬರುವ ದಾರಿಯನ್ನು ಮುಚ್ಚಿತು.

ಇದನ್ನು ವಿರೋಧಿಸಿದ ಬಿಳಿಯರಲ್ಲಿ ಎದ್ದು ಕಾಣುವವರು ಜಪಾನಿನಲ್ಲಿ ಕೆಲಸ ಮಾಡಿ ಮರಳಿದ್ದ ಮಿಷನರಿಗಳೇ ಎಂಬುದು ಈ ಕ್ಷೇತ್ರದ ಸಂಶೋಧಕರು ಮತ್ತೆ ಮತ್ತೆ ಒತ್ತಿ ಹೇಳುವ ಮಾತು. ಸಿಡ್ನಿ ಗ್ಯೂಲಿಕ್ ಇದಕ್ಕೆ ಒಳ್ಳೆಯ ಉದಾಹರಣೆ. ಅವನ ಅಜ್ಜ ಹವಾಯಿಯ ಮಿಷನರಿ, ಅವನು ಹುಟ್ಟಿದ್ದು ಮಾರ್ಷಲ್ ದ್ವೀಪಗಳಲ್ಲಿ, ದುಡಿದದ್ದು ಜಪಾನಿನಲ್ಲಿ. ಪರಧರ್ಮದವರನ್ನು ತಿದ್ದಲು ಹೋದವನು ಮರಳಿ ಬಂದು ತನ್ನ ದೇಶದ ಜನಾಂಗದ್ವೇಷವನ್ನು ತಿದ್ದಲು ಹೆಣಗಿದ. ಕಾನೂನಿನ ಹೋರಾಟದಲ್ಲಿ ಸೋತ ಮೇಲೆ ಅವನು ಮಕ್ಕಳ ಕಡೆಗೆ ತಿರುಗಿ, 1927ರ ಜಪಾನಿ ಬೊಂಬೆ ಹಬ್ಬಕ್ಕೆಂದು ಅಮೆರಿಕದ ಮಕ್ಕಳಿಂದ 12,000ಕ್ಕೂ ಹೆಚ್ಚು ಬೊಂಬೆಗಳನ್ನು ಕಳಿಸಿಕೊಟ್ಟ. ಉದ್ಯಮಿ ಶಿಬುಸಾವಾ ಎಇಚಿಯ ಮುಂದಾಳುತನದಲ್ಲಿ ಜಪಾನು ಪ್ರತಿಯಾಗಿ 58 ದೊಡ್ಡ ಬೊಂಬೆಗಳನ್ನು ಕಳಿಸಿತು. ಯುದ್ಧಕಾಲದಲ್ಲಿ ಜಪಾನಿನ ಶಾಲೆಗಳಲ್ಲಿದ್ದ ಅಮೆರಿಕನ್ ಬೊಂಬೆಗಳಲ್ಲಿ ಬಹುಪಾಲು ನಾಶವಾದವು.

1941ರ ಡಿಸೆಂಬರ್ 7ರಂದು ಹವಾಯಿಯ ಪರ್ಲ್ ಹಾರ್ಬರ್ ನೌಕಾನೆಲೆಯ ಮೇಲೆ ಜಪಾನಿನ ದಾಳಿಯಾದ ದಿನವೇ ಅಮೆರಿಕದ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐ ಬಂಧನಗಳನ್ನು ಆರಂಭಿಸಿತು. ಮೊದಲೇ ಸಿದ್ಧವಾಗಿದ್ದ ಪಟ್ಟಿಗಳಲ್ಲಿ ಬೌದ್ಧ ಮತ್ತು ಶಿಂತೊ ಪುರೋಹಿತರನ್ನು ಅಪಾಯಕಾರಿಗಳೆಂದು ಗುರುತಿಸಲಾಗಿತ್ತು. ಜಪಾನಿ ಕ್ರೈಸ್ತ ಪಾದ್ರಿಗಳ ಮೇಲೆ ಅಷ್ಟು ಶಂಕೆಯಿರಲಿಲ್ಲ. 1942ರ ಫೆಬ್ರುವರಿ 19ರಂದು ಅಧ್ಯಕ್ಷ ರೂಸ್‌ವೆಲ್ಟ್ ಸಹಿ ಮಾಡಿದ 9066ನೆಯ ಆದೇಶದ ಮೇರೆಗೆ ಪಶ್ಚಿಮ ಕರಾವಳಿಯ ಜಪಾನಿ ಮೂಲದವರನ್ನೆಲ್ಲ ಮನೆಮಠ ಬಿಡಿಸಿ, ಮರುಭೂಮಿ ಮತ್ತು ಜೌಗು ಪ್ರದೇಶಗಳಲ್ಲಿ ಕಟ್ಟಿದ ಹತ್ತು ದೊಡ್ಡ ಶಿಬಿರಗಳಲ್ಲಿ ಕೂಡಿಹಾಕಲಾಯಿತು. ಅವರಲ್ಲಿ ಮೂರರಲ್ಲಿ ಎರಡು ಪಾಲು ಜನ ಹುಟ್ಟಿನಿಂದ ಅಮೆರಿಕದ ಪ್ರಜೆಗಳು, ಅರ್ಧಕ್ಕಿಂತ ಹೆಚ್ಚು ಜನ ಬೌದ್ಧರು. ಹೊರಡುವ ಮೊದಲು ಎಷ್ಟೋ ಮನೆಗಳಲ್ಲಿ ಸೂತ್ರಗ್ರಂಥಗಳನ್ನು, ಜಪಾನಿಯಲ್ಲಿದ್ದ ಪತ್ರಗಳನ್ನು ಭಯದಿಂದ ಸುಟ್ಟರು, ಹೂತರು. ಬೀಗ ಹಾಕಿದ ಮಂದಿರಗಳು ಹೋದವರ ಪೆಟ್ಟಿಗೆ, ಪೀಠೋಪಕರಣಗಳ ಉಗ್ರಾಣಗಳಾದವು.

ಶಿಬಿರಗಳಲ್ಲಿ ಶಿಂತೊ ಆಚರಣೆಗೆ ನಿಷೇಧವಿತ್ತು, ಬೌದ್ಧರಿಗೆ ಅನುಮತಿಯಿತ್ತು, ಕಣ್ಗಾವಲೂ ಇತ್ತು. ವಯೋಮಿಂಗ್ ರಾಜ್ಯದ ಹಾರ್ಟ್ ಮೌಂಟನ್ ಶಿಬಿರದ ಜಾಗದಲ್ಲಿ ಯುದ್ಧಾನಂತರ, ಸ್ಮಶಾನದ ಬಳಿ ಹೂತಿದ್ದ ಲೋಹದ ಪೀಪಾಯಿಯೊಂದು ಸಿಕ್ಕಿತು. ಅದರೊಳಗೆ ಸುಮಾರು 2,000 ಸಣ್ಣ ಕಲ್ಲುಗಳಿದ್ದವು. ಒಂದೊಂದು ಕಲ್ಲಿನ ಮೇಲೂ ಕುಂಚದಿಂದ ಬರೆದ ಒಂದೊಂದೇ ಚೀನೀ ಅಕ್ಷರ. ದಶಕಗಳ ಕಾಲ ಅವು ಏನೆಂದು ಯಾರಿಗೂ ತಿಳಿಯಲಿಲ್ಲ. ಕೊನೆಗೆ ಜಪಾನಿನ ವಿದ್ವಾಂಸರೊಬ್ಬರು ಅಕ್ಷರಗಳು ಎಷ್ಟೆಷ್ಟು ಬಾರಿ ಬಂದಿವೆ ಎಂದು ಲೆಕ್ಕಹಾಕಿ, ಸೂತ್ರಗಳೊಂದಿಗೆ ತಾಳೆ ನೋಡಿ, ಅವು ಸದ್ಧರ್ಮಪುಂಡರೀಕ ಸೂತ್ರದ ಅಕ್ಷರಗಳೆಂದು ಗುರುತಿಸಿದರು. ಕಲ್ಲಿಗೊಂದು ಅಕ್ಷರದಂತೆ ಸೂತ್ರವನ್ನು ಬರೆದು ಹೂಳುವುದು ಜಪಾನಿನ ಹಳೆಯ ಪುಣ್ಯಕಾರ್ಯ. ಶಿಬಿರದಲ್ಲಿ ಸುಂದರ ಬರಹ ಕಲಿಸುತ್ತಿದ್ದ ಈ ಸೂತ್ರವನ್ನೇ ಆರಾಧಿಸುವ ನಿಚಿರೆನ್ ಪಂಥದ ಪುರೋಹಿತನೊಬ್ಬ ಅದನ್ನು ಮಾಡಿರಬೇಕೆಂದು ಊಹಿಸಲಾಗಿದೆ. ಸೂತ್ರ ಪೂರ್ತಿಯಾಗಿರಲಿಲ್ಲ. ಅಮೆರಿಕದ ಧಾರ್ಮಿಕ ಇತಿಹಾಸದ ಆಕರಗಳು ಇಂಗ್ಲಿಷಿನಲ್ಲಿ, ಕಾಗದದ ಮೇಲೆ, ಗ್ರಂಥಾಲಯದಲ್ಲಿ ಸಿಗುತ್ತವೆಂದು ನಂಬಿದ ಸಂಶೋಧಕನಿಗೆ ಈ ಪೀಪಾಯಿ ಹಳೆಯ ಡಬ್ಬದಂತೆ ಕಂಡಿದ್ದರೆ ಆಶ್ಚರ್ಯವಿರಲಿಲ್ಲ.

ಹೆಸರಿನ ಬದಲಾವಣೆಯೂ ಶಿಬಿರದಲ್ಲೇ ಆದದ್ದು. 1914ರಿಂದ 'ಉತ್ತರ ಅಮೆರಿಕದ ಬೌದ್ಧ ಮಿಷನ್' ಎಂದಿದ್ದ ಸಂಸ್ಥೆ, ತನ್ನ ಮುಖ್ಯ ಪುರೋಹಿತ ಮತ್ತು ಕಚೇರಿಗಳೊಂದಿಗೆ ಯೂಟಾ ರಾಜ್ಯದ ಟೊಪಾಜ್ ಶಿಬಿರದಲ್ಲಿ ಬಂದಿಯಾಗಿದ್ದಾಗ, 1944ರಲ್ಲಿ 'ಅಮೆರಿಕದ ಬೌದ್ಧ ಚರ್ಚುಗಳು' ಎಂಬ ಹೆಸರನ್ನು ಇಟ್ಟುಕೊಂಡಿತು. ಆಡಳಿತದಲ್ಲಿ ಕ್ಯೋತೊದ ಹಿಡಿತ ಸಡಿಲವಾಗಿ, ಅಮೆರಿಕದಲ್ಲಿ ಹುಟ್ಟಿದ ಪೀಳಿಗೆಯ ಕೈ ಮೇಲಾಯಿತು. ಅನುಕರಣೆಯ ವಾದ ಇಲ್ಲಿ ತನ್ನ ಬಲವಾದ ಸಾಕ್ಷ್ಯವನ್ನು ಕಾಣುತ್ತದೆ. ಆದರೆ ಮುಳ್ಳುತಂತಿಯ ಒಳಗಿದ್ದವರು ಕಾವಲುಗಾರರಿಗೆ ಅರ್ಥವಾಗುವ ಹೆಸರನ್ನು ಆರಿಸಿಕೊಂಡದ್ದನ್ನು ಅಭಿರುಚಿಯ ಬದಲಾವಣೆಯೆಂದು ಓದುವುದು ನನಗೆ ಸರಿಕಾಣುವುದಿಲ್ಲ. ಬೆಂಚುಗಳೂ ಭಾನುವಾರದ ಪಾಠಗಳೂ ಅದಕ್ಕೆ ಬಹಳ ಮೊದಲೇ, ಬೇರೆ ಕಾರಣಗಳಿಂದ ಬಂದಿದ್ದವು. ಯುದ್ಧ ಅವುಗಳಿಗೆ ಹೊಸ ಅರ್ಥವನ್ನು ಹಚ್ಚಿತು.

ಸಂಶೋಧಕರೊಳಗೆ ಈ ಬಗ್ಗೆ ಒಮ್ಮತವೇನೂ ಇಲ್ಲ. ಕೆಲವರು ಇದೆಲ್ಲವನ್ನೂ ಪ್ರಾಟೆಸ್ಟಂಟ್ ಅಚ್ಚಿಗೆ ಬಗ್ಗಿದ ಬೌದ್ಧ ಧರ್ಮವೆನ್ನುತ್ತಾರೆ. ಇನ್ನು ಕೆಲವರು ಅಮೆರಿಕದ ಮಂದಿರಗಳು ಒಂದೇ ಹೊತ್ತಿಗೆ ಹೆಚ್ಚು ಅಮೆರಿಕನ್ ಕೂಡ ಆದವು, ಹೆಚ್ಚು ಜಪಾನಿ ಕೂಡ ಆದವು ಎಂದು ತೋರಿಸುತ್ತಾರೆ: ಜಪಾನಿ ಭಾಷಾ ಶಾಲೆ, ಓಬೊನ್ ನೃತ್ಯ, ಊರವರ ಸಂಘ ಎಲ್ಲವೂ ಮಂದಿರದ ಆಶ್ರಯದಲ್ಲೇ ಬೆಳೆದವು, ಊರಿನಲ್ಲಿದ್ದಾಗ ತಾನು ಇಂಥ ಹಳ್ಳಿಯವನೆಂದು ತಿಳಿದಿದ್ದವನು ತಾನು ಜಪಾನಿಯೆಂದು ಕಲಿತದ್ದೇ ಅಲ್ಲಿ. ವಾದ ಬಗೆಹರಿಯದಿರಲು ಆಕರಗಳೂ ಕಾರಣ. ಎಫ್‌ಬಿಐ ಕಡತಗಳನ್ನು ಮಾತ್ರ ಓದಿದವರಿಗೆ ಮಂದಿರ ಒಂದು ರಾಜಕೀಯ ಅಡ್ಡೆಯಾಗಿ ಕಾಣುತ್ತದೆ. ಮಿಷನರಿಗಳ ವರದಿಗಳಲ್ಲಿ ಅದು ಪ್ರತಿಸ್ಪರ್ಧಿ. ಕ್ಯೋತೊಗೆ ಬರೆದ ಪತ್ರಗಳಲ್ಲಿ ಸದಾ ಹಣದ ಕೊರತೆಯಲ್ಲಿರುವ ಶಾಖೆ. ಮಹಿಳಾ ಸಂಘದ ಲೆಕ್ಕದ ಪುಸ್ತಕದಲ್ಲಿ ಅಕ್ಕಿ, ಹೂವು, ಶವಸಂಸ್ಕಾರದ ಕಾಣಿಕೆಗಳ ಪಟ್ಟಿ. ಇವನ್ನೆಲ್ಲ ಓದಲು ಎರಡು ಭಾಷೆ ಸಾಲದು, ಯುದ್ಧಪೂರ್ವದ ಜಪಾನಿ ಕೈಬರಹವನ್ನೂ ಬಲ್ಲವರಾಗಿರಬೇಕು, ಮತ್ತು ಅಂಥವರ ಸಂಖ್ಯೆ ಮಂದಿರಗಳಲ್ಲೂ ವಿಶ್ವವಿದ್ಯಾಲಯಗಳಲ್ಲೂ ಕಡಿಮೆ.

ಯುದ್ಧದ ನಂತರ ಅಮೆರಿಕದ ಬಿಳಿಯ ತರುಣರು ಜೆನ್ ಕಡೆಗೆ ಒಲಿದಾಗ ಈ ಮಂದಿರಗಳ ಪಾತ್ರವನ್ನು ಬಹುಬೇಗ ಮರೆಯಲಾಯಿತು. ಕವಿ ಗ್ಯಾರಿ ಸ್ನೈಡರ್ 1950ರ ದಶಕದಲ್ಲಿ ಬರ್ಕ್ಲಿಯ ಜೋದೊ ಶಿನ್ಶು ಮಂದಿರದ ಅಧ್ಯಯನ ಗೋಷ್ಠಿಗೆ ಹೋಗುತ್ತಿದ್ದ, ಅದರ ಪತ್ರಿಕೆಯಲ್ಲಿ ಬರೆಯುತ್ತಿದ್ದ. ಆದರೂ ಧ್ಯಾನಕ್ಕೆ ಕೂರುವವರದು ನಿಜವಾದ ಬೌದ್ಧ ಧರ್ಮ, ಬೆಂಚಿನ ಮೇಲೆ ಕೂತು ಹಾಡುವವರದು ಬರೀ ವಲಸಿಗರ ರೂಢಿ ಎಂಬ ಮೇಲುಕೀಳಿನ ಎಣಿಕೆ ಪುಸ್ತಕಗಳಲ್ಲಿ ಬಹುಕಾಲ ಉಳಿಯಿತು. ಅಷ್ಟರಲ್ಲಿ ಮಂದಿರದ ಮೂರನೆಯ ಪೀಳಿಗೆಯವರು ತಮ್ಮದೇ ದಾರಿ ಹಿಡಿದಿದ್ದರು. ಲಾಸ್ ಏಂಜಲಿಸ್‌ನ ಸೆನ್‌ಶಿನ್ ಮಂದಿರದಲ್ಲಿ 1969ರಲ್ಲಿ ಹುಟ್ಟಿದ ಜಪಾನಿ ಡೋಲಿನ ತಂಡಕ್ಕೆ ಇಟ್ಟ ಹೆಸರು ನಮ್ಮ ಪುರಾಣಗಳ ಗಂಧರ್ವ ಬಂಧುಗಳದು: ಕಿನ್ನರ.

ಈಚಿನ ಸಂಶೋಧನೆಯ ಒಂದು ಫಲವನ್ನು ಲಾಸ್ ಏಂಜಲಿಸ್‌ನ 'ಜಪಾನೀಸ್ ಅಮೆರಿಕನ್ ನ್ಯಾಷನಲ್ ಮ್ಯೂಸಿಯಂ'ನಲ್ಲಿ ಸಾರ್ವಜನಿಕರ ಮುಂದೆ ಇಡಲಾಯಿತು. ಅದರ ಹಳೆಯ ಕಟ್ಟಡ 1925ರಲ್ಲಿ ನಿಶಿ ಹೊಂಗ್ವಾಂಜಿ ಮಂದಿರವಾಗಿ ಕಟ್ಟಿದ್ದು. ಇತಿಹಾಸಕಾರರೂ ಜೆನ್ ಪುರೋಹಿತರೂ ಆಗಿರುವ ಡಂಕನ್ ರ್ಯೂಕೆನ್ ವಿಲಿಯಮ್ಸ್ ಅವರ ತಂಡ ಯುದ್ಧಕಾಲದಲ್ಲಿ ಬಂಧಿತರಾದ ಪ್ರತಿಯೊಬ್ಬರ ಹೆಸರನ್ನೂ ಸಂಗ್ರಹಿಸಿ, 2022ರಲ್ಲಿ ಒಂದು ಬೃಹತ್ ಸ್ಮರಣ ಗ್ರಂಥವಾಗಿ ಅಲ್ಲಿ ತೆರೆದಿಟ್ಟಿತು. ಮಂದಿರದ ಮರಣ ದಾಖಲೆ ಪುಸ್ತಕದ ಸಂಪ್ರದಾಯವನ್ನೇ ನೆನಪಿಸುವ ಆ ಗ್ರಂಥದಲ್ಲಿ ನೋಡಲು ಬಂದವರು ತಮ್ಮವರ ಹೆಸರಿನ ಕೆಳಗೆ ಸಣ್ಣ ಮುದ್ರೆಯೊತ್ತಬಹುದಾಗಿತ್ತು. ಅದರಲ್ಲಿದ್ದ ಹೆಸರುಗಳು 125,284. ಪಠ್ಯಪುಸ್ತಕಗಳಲ್ಲಿ ದಶಕಗಳಿಂದ ಅಚ್ಚಾಗುತ್ತಾ ಬಂದ ಅಂದಾಜು 120,000. ಹತ್ತು ದೊಡ್ಡ ಶಿಬಿರಗಳಾಚೆ ನ್ಯಾಯ ಇಲಾಖೆ ಮತ್ತು ಸೇನೆಯ ಸೆರೆತಾಣಗಳಲ್ಲಿ ಇದ್ದವರನ್ನೂ ಸೇರಿಸಿ ಲೆಕ್ಕ ಹಾಕಿದ್ದರಿಂದ ಸಂಖ್ಯೆ ಏರಿತು. ಶಿಬಿರದ ಕಡತಗಳಲ್ಲಿ ತಪ್ಪಾಗಿ ದಾಖಲಾದ ಹೆಸರುಗಳನ್ನು ಗುರುತಿಸಿ ತಿಳಿಸುವಂತೆ ಆ ತಂಡ ಕುಟುಂಬಗಳನ್ನು ಕೇಳಿಕೊಂಡಿತು, ಬಂದ ತಿದ್ದುಪಡಿಗಳಿಂದ ಪಟ್ಟಿಯನ್ನು ಪರಿಷ್ಕರಿಸುತ್ತಾ ಹೋಯಿತು.